ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸಿದರೆ ಸೈಕಲ್ ತೊಯ್ದಾಡುವುದೇಕೆ?

ಪ್ರಶ್ನೆ: ಹಿಂದಿನ ಕ್ಯಾರಿಯರಿನಲ್ಲಿ 10 ಕೆ.ಜಿ. ಅಕ್ಕಿ ಇದ್ದರೂ ಸೈಕಲ್ ಸಲೀಸು. ಶಿವಮೊಗ್ಗದ ಗಾಂಧಿಬಜಾರಿನಲ್ಲಿ 4 ಕೆ.ಜಿ. ತರಕಾರಿ ಕೊಂಡು ಹ್ಯಾಂಡಲ್ಲಿಗೆ ತೂಗುಹಾಕಿದರೆ ಪರದಾಟ. ಏಕೆ?

ಉತ್ತರ: ಹಿಂದಿನ ಹೊರೆ ಚೌಕಟ್ಟಿನ ಮೇಲೆ ಕೂರುತ್ತದೆ, ಮುಂದಿನದು ಹ್ಯಾಂಡಲ್ಲಿನ ಜೊತೆ ತಿರುಗುತ್ತದೆ. ಸೈಕಲ್ ಬೀಳದಿರುವುದೇ ಸವಾರ ಕ್ಷಣಕ್ಷಣವೂ ಹ್ಯಾಂಡಲ್ಲನ್ನು ಕೊಂಚ ಅತ್ತಿತ್ತ ಹೊರಳಿಸುತ್ತಿರುವುದರಿಂದ. ಅಲ್ಲಿ ಭಾರವಿದ್ದರೆ ಆ ಹೊರಳು ನಿಧಾನವಾಗುತ್ತದೆ, ಶುರುವಾದದ್ದು ಬೇಗ ನಿಲ್ಲುವುದಿಲ್ಲ. ಒಂದೇ ಬದಿಗೆ ತೂಗಿದರಂತೂ ಚೀಲ ಹ್ಯಾಂಡಲ್ಲನ್ನು ತನ್ನತ್ತ ಎಳೆಯುತ್ತಲೇ ಇರುತ್ತದೆ. ಓಲಾಡುವ ಚೀಲ ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಸವಾರ ಮುಗ್ಗರಿಸಿ ಬೀಳಬಹುದು; ಇದನ್ನು ಹಗುರವಾಗಿ ನೋಡಬಾರದು.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಇಂಥ ಊರಿನಲ್ಲಿ ಪಾಳಿಗೆ ಹೊರಟ ಸೈಕಲ್ಲಿನ ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕುವುದು ಸಹಜವಾಗಿತ್ತು. ಅಷ್ಟು ಭಾರಕ್ಕೆ ತೊಂದರೆಯಿಲ್ಲ. ಆದರೆ ಹಾಲಿನವರನ್ನು ಗಮನಿಸಿ: ಕ್ಯಾನುಗಳನ್ನು ಅವರು ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ, ತಗ್ಗಿನಲ್ಲಿ, ಸಮತೂಕವಾಗಿ ಕಟ್ಟುತ್ತಾರೆ.

ಹಾಗೆಂದು ಮುಂದೆ ಹೊರೆ ಹೊರಲು ಆಗದೆಂದಲ್ಲ. ಇಂಗ್ಲೆಂಡಿನ ಮಾಂಸದಂಗಡಿಗಳ ಹಳೆಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರ ಚಿಕ್ಕದು. ಅದರ ಮೇಲಿನ ದೊಡ್ಡ ಬುಟ್ಟಿಯ ಆಧಾರ ಚೌಕಟ್ಟಿಗೇ ಬೆಸೆದಿರುತ್ತಿತ್ತು. ಹ್ಯಾಂಡಲ್ ತಿರುಗಿದರೂ ಬುಟ್ಟಿ ತಿರುಗದು. ಡೆನ್ಮಾರ್ಕಿನ ‘ಲಾಂಗ್ ಜಾನ್’ ಸೈಕಲ್ಲಿನಲ್ಲಿ ಹ್ಯಾಂಡಲ್ಲಿಗೂ ಮುಂಚಕ್ರಕ್ಕೂ ನಡುವೆ, ನೆಲಕ್ಕೆ ಹತ್ತಿರವಾಗಿ ಹೊರೆ ಇಡುವ ಹಲಗೆಯೇ ಇದೆ.

ನಮ್ಮ ಮಾಮೂಲಿ ಸೈಕಲ್ಲಿಗೆ ಮುಂದೆ ಬುಟ್ಟಿ ಬೇಕೇಬೇಕೆಂದರೆ ಅದಕ್ಕೆ ಮುಂಚಕ್ರದ ಅಚ್ಚಿನಿಂದ ಕಂಬಿಯ ಆಸರೆ ಕೊಡಿಸಿ. ಭಾರದ ಸಾಮಾನು ಹಿಂದಕ್ಕೆ, ಸೊಪ್ಪು-ಹೂವು ಮುಂದಕ್ಕೆ.