ಹಳದಿ ಕೊರಳಿನ ಗುಬ್ಬಚ್ಚಿ ಮತ್ತು ಕುಕ್ಕರಹಳ್ಳಿ ಕೆರೆ

ಭಾನುವಾರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಮೈಸೂರಿನ ಸರಸ್ವತಿಪುರಂ ಬೀದಿಗಳಲ್ಲಿ ಎರಡು ಬಗೆಯ ಮಕ್ಕಳು ಕಾಣಸಿಗುತ್ತಾರೆ. ಬೆನ್ನಿಗೆ ಪುಸ್ತಕದ ಚೀಲ ಏರಿಸಿಕೊಂಡು ಟ್ಯೂಷನ್ನಿಗೆ ಹೊರಟವರೇ ಹೆಚ್ಚು. ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಕುಕ್ಕರಹಳ್ಳಿ ಕೆರೆಯ ಕಡೆಗೆ ಹೆಜ್ಜೆ ಹಾಕುವವರು ಬೆರಳೆಣಿಕೆಯಷ್ಟು. ಮೊದಲನೆಯವರ ಬಗ್ಗೆ ತಂದೆತಾಯಿಗೆ ಚಿಂತೆಯಿಲ್ಲ. ಎರಡನೆಯವರ ಮನೆಯಲ್ಲಿ ಮಾತ್ರ ಆಗಾಗ ಒಂದು ಪ್ರಶ್ನೆ ಏಳುತ್ತದೆ: 'ಹಕ್ಕಿ ನೋಡಿದರೆ ಮಾರ್ಕ್ಸ್ ಬರುತ್ತದೇನೋ?'

ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನೂ ನೇರವಾಗಿ ಹೇಳಿಬಿಡಬೇಕು: ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ನೀರುಕಾಗೆಗೂ ಹಾವಕ್ಕಿಗೂ ಇರುವ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ. ಹಾಗಿದ್ದೂ ಈ ಹವ್ಯಾಸಕ್ಕೆ ಒಂದು ಚರಿತ್ರೆಯಿದೆ, ಅದರ ಒಂದು ಮುಖ್ಯ ಅಧ್ಯಾಯ ಮೈಸೂರಿನ ಸುತ್ತಮುತ್ತಲೇ ನಡೆದಿದೆ.

ಅದು ಆರಂಭವಾದದ್ದು ಮುಂಬಯಿಯಲ್ಲಿ, ಒಂದು ಆಟದ ಗಾಳಿಕೋವಿಯಿಂದ. 1896ರ ನವೆಂಬರ್ 12ರಂದು ಹುಟ್ಟಿದ ಸಲೀಂ ಅಲಿ ಮನೆಯ ಕೊನೆಯ ಮಗು. ವರ್ಷ ತುಂಬುವಷ್ಟರಲ್ಲಿ ತಂದೆ, ಮೂರು ವರ್ಷಕ್ಕೆ ತಾಯಿ ತೀರಿಕೊಂಡರು. ಬೆಳೆದದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ. ಮಾವ ಕೊಟ್ಟ ಗಾಳಿಕೋವಿಯಿಂದ ಹುಡುಗ ಒಂದು ದಿನ ಗುಬ್ಬಚ್ಚಿಯೊಂದನ್ನು ಹೊಡೆದು ಬೀಳಿಸಿದ. ಎತ್ತಿಕೊಂಡು ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ! ದಿನವೂ ಅಂಗಳಕ್ಕೆ ಬರುವ ಗುಬ್ಬಚ್ಚಿಗೆ ಅದು ಇರಲಿಲ್ಲ. 'ಇದು ಯಾವ ಹಕ್ಕಿ?' ಎಂದು ಮಾವನನ್ನೇ ಕೇಳಿದ.

ಮಾವನಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರು ಮಾಡಿದ ಕೆಲಸವನ್ನು ಎಲ್ಲ ಹಿರಿಯರೂ ಸ್ವಲ್ಪ ಗಮನಿಸಬೇಕು. 'ಹೋಗಿ ಓದಿಕೋ' ಎಂದು ಗದರಲಿಲ್ಲ. ಬಾಯಿಗೆ ಬಂದ ಉತ್ತರ ಕೊಟ್ಟು ಸಾಗಹಾಕಲೂ ಇಲ್ಲ. ಒಂದು ಪರಿಚಯ ಪತ್ರ ಬರೆದುಕೊಟ್ಟು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಎಂಬುವರ ಬಳಿಗೆ ಕಳುಹಿಸಿದರು. ಹುಡುಗ ಅಳುಕುತ್ತಲೇ ಹೋದ. ಮಿಲಾರ್ಡ್ ಸಾಹೇಬರು ಅದು ಹಳದಿ ಕೊರಳಿನ ಗುಬ್ಬಚ್ಚಿ ಎಂದು ಗುರುತಿಸಿದ್ದಲ್ಲದೆ, ಸೊಸೈಟಿಯಲ್ಲಿ ಹುಲ್ಲುಹತ್ತಿ ತುಂಬಿಸಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಮುಂದೆ ಸಲೀಂ ಅಲಿ 1985ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಈ ಗುಬ್ಬಚ್ಚಿಯ ಹೆಸರನ್ನೇ ಇಟ್ಟರು.

ಇಷ್ಟರಿಂದಲೇ ಎಲ್ಲವೂ ಸುಗಮವಾಯಿತು ಎಂದುಕೊಳ್ಳಬೇಡಿ. ಕಾಲೇಜಿನಲ್ಲಿ ಲಾಗರಿದಮ್ಮಿನ ಲೆಕ್ಕಗಳು ಹುಡುಗನ ತಲೆ ತಿಂದವು. ಓದು ಅರ್ಧಕ್ಕೆ ನಿಂತು, ಮನೆಯವರ ವ್ಯವಹಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡು ಸುತ್ತಿದ್ದೇ ಹೆಚ್ಚು. ಹಿಂತಿರುಗಿದ ಮೇಲೆ ಪ್ರಾಣಿಶಾಸ್ತ್ರ ಕಲಿತರೂ ವಿಶ್ವವಿದ್ಯಾನಿಲಯದ ಪದವಿ ಕೈಯಲ್ಲಿರಲಿಲ್ಲ. ಆ ಕಾರಣಕ್ಕೇ ಸರ್ಕಾರಿ ನೌಕರಿಯೊಂದು ತಪ್ಪಿತು. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿದ್ದ ಕೆಲಸವೂ ಉಳಿಯಲಿಲ್ಲ. ಜರ್ಮನಿಯ ಬರ್ಲಿನ್ನಿಗೆ ಹೋಗಿ ಪ್ರೊಫೆಸರ್ ಸ್ಟ್ರೆಸೆಮಾನ್ ಅವರ ಬಳಿ ತರಬೇತಿ ಪಡೆದು 1930ರಲ್ಲಿ ಮರಳಿದಾಗಲೂ ಕೆಲಸವಿಲ್ಲ. ಮುಂಬಯಿಗೆ ಎದುರಿನ ಕರಾವಳಿಯಲ್ಲಿರುವ ಕಿಹಿಂ ಎಂಬ ಹಳ್ಳಿಯ ಮನೆಗೆ ಗಂಡ ಹೆಂಡತಿ ಹೋಗಿ ಉಳಿದರು. ಪತ್ನಿ ತೆಹ್ಮಿನಾ ಬೇಸರಿಸದೆ ಜೊತೆಗೆ ನಿಂತರು. ಹವ್ಯಾಸ ಹಿಡಿದವರೆಲ್ಲ ಸಲೀಂ ಅಲಿ ಆಗುತ್ತಾರೆ ಎಂದು ಮಕ್ಕಳಿಗೆ ಹೇಳುವ ಮುನ್ನ ಈ ವರ್ಷಗಳನ್ನೂ ಹೇಳುವುದು ಪ್ರಾಮಾಣಿಕತೆ.

ಆದರೆ ಆ ಬಿಡುವಿನಲ್ಲೇ ಒಂದು ಸೊಗಸಾದ ಸಂಶೋಧನೆ ನಡೆಯಿತು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಏಣಿಯ ಮೇಲೆ ಮರೆಯಲ್ಲಿ ಕುಳಿತು ಗಂಟೆಗಟ್ಟಲೆ ಅವನ್ನೇ ನೋಡಿದರು. ಗೂಡು ಹೆಣೆಯುವುದು ಗಂಡು. ಅರ್ಧ ಹೆಣೆದಾದ ಮೇಲೆ ಹೆಣ್ಣುಗಳು ಬಂದು, ಮನೆ ಬಾಡಿಗೆಗೆ ನೋಡುವವರಂತೆ ಒಳಹೊಕ್ಕು ಪರೀಕ್ಷೆ ಮಾಡುತ್ತವೆ! ಒಪ್ಪಿಗೆಯಾದರೆ ಹೆಣ್ಣು ಅಲ್ಲೇ ನೆಲೆಸುತ್ತದೆ, ಗಂಡು ಗೂಡಿನ ಉಳಿದ ಭಾಗವನ್ನು ಮುಗಿಸಿಕೊಡುತ್ತದೆ. ಬಳಿಕ ಸುಮ್ಮನಿರದೆ ಪಕ್ಕದಲ್ಲಿ ಇನ್ನೊಂದು ಗೂಡು ಆರಂಭಿಸಿ ಮತ್ತೊಂದು ಹೆಣ್ಣನ್ನು ಕಾಯುತ್ತದೆ. ಒಪ್ಪಿಗೆಯಾಗದ ಗೂಡುಗಳು ಅರ್ಧಕ್ಕೇ ನಿಲ್ಲುತ್ತವೆ. ನಮ್ಮ ಹಳ್ಳಿಗಳ ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ತೂಗುವ ಅರೆಬರೆ ಗೂಡುಗಳನ್ನು ನೋಡಿದವರಿಗೆ ಈಗ ಕಾರಣ ಹೊಳೆದಿರಬೇಕು. ಇದಕ್ಕೆ ಪ್ರಯೋಗಶಾಲೆ ಬೇಕಾಗಲಿಲ್ಲ.

ಸಲೀಂ ಅಲಿ ಮೈಸೂರಿಗೆ ಬಂದದ್ದು ಬದುಕಿನ ಕಷ್ಟದ ಕಾಲದಲ್ಲಿ. 1939ರಲ್ಲಿ ತೆಹ್ಮಿನಾ ತೀರಿಕೊಂಡಿದ್ದರು. ಅದೇ ವರ್ಷದ ಕೊನೆಗೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಶುರುವಾಯಿತು. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಮೀಕ್ಷೆಯ ವರದಿ 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಅವರು, ಆ ಜಾಗವನ್ನು ಕಾಪಾಡಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ತಿಟ್ಟುಗಳು ಹುಟ್ಟಿದ್ದೂ ಮನುಷ್ಯನ ಕೈಯಿಂದಲೇ: ಹದಿನೇಳನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಕಟ್ಟಿಸಿದ ಒಡ್ಡಿನಿಂದಾಗಿ ರೂಪುಗೊಂಡವು. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಮುಂದಿನದೆಲ್ಲ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಿಗುತ್ತದೆ. 1941ರಲ್ಲಿ ಬಂದ ಭಾರತದ ಹಕ್ಕಿಗಳ ಪುಸ್ತಕ, ಡಿಲ್ಲನ್ ರಿಪ್ಲೆ ಅವರೊಡನೆ ಬರೆದ ಹತ್ತು ಸಂಪುಟಗಳು, 1976ರಲ್ಲಿ ಪದ್ಮವಿಭೂಷಣ, 1987ರ ಜೂನ್ 20ರಂದು ನಿಧನ.

ಕೆರೆಗೆ ಮರಳೋಣ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯಕ್ಕೆ ನೀರೊದಗಿಸಲೆಂದು ಕಟ್ಟಿಸಿದರು. ಗದ್ದೆಗಳ ಜಾಗದಲ್ಲಿ ಬಡಾವಣೆಗಳೆದ್ದ ಮೇಲೂ ಕೆರೆ ಉಳಿದುಕೊಂಡದ್ದು ಅದೃಷ್ಟ. ಇಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ದಂಡೆಯಲ್ಲಿ ಅರ್ಧ ಗಂಟೆ ನಿಂತರೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ನೀರುಕಾಗೆ ಮೀನು ಹಿಡಿದ ಮೇಲೆ ಕೊಂಬೆಯ ಮೇಲೆ ಕುಳಿತು ರೆಕ್ಕೆ ಹರವಿಕೊಂಡು ಒಣಗಿಸುತ್ತದೆ. ಪಕ್ಕದಲ್ಲೇ ಇರುವ ಬಾತುಕೋಳಿ ಹಾಗೆ ಮಾಡುವುದಿಲ್ಲ. ಏಕೆ? ಬಾತುಕೋಳಿಯ ಗರಿಗಳು ನೀರನ್ನು ಒಳಬಿಡವು, ಗರಿಗಳ ನಡುವೆ ಗಾಳಿ ಉಳಿಯುತ್ತದೆ, ಅದು ತೇಲುತ್ತದೆ. ನೀರುಕಾಗೆಯ ಗರಿಗಳ ಹೊರಭಾಗ ನೆನೆಯುತ್ತದೆ. ಗಾಳಿ ಕಡಿಮೆಯಾದಷ್ಟೂ ತೇಲುವ ಗುಣ ಕಡಿಮೆ, ಮುಳುಗುವುದು ಸುಲಭ. ಆರ್ಕಿಮಿಡೀಸನ ತತ್ವವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅದು ಕೊಂಬೆಯ ಮೇಲೆ ಕುಳಿತಿರುವುದು ಕಂಡರೆ ಸಾಕು, ಮತ್ತೆ ಮರೆಯುವುದಿಲ್ಲ.

ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಮೀನು ತುಂಬಿಡುವ ಬುಟ್ಟಿ ಎಂದು ಬಹಳ ಜನ ನಂಬಿದ್ದಾರೆ. ಅದು ಬುಟ್ಟಿಯಲ್ಲ, ಬಲೆ. ನೀರಿನ ಸಮೇತ ಮೀನನ್ನು ಬಾಚಿ, ನೀರನ್ನು ಹೊರಬಿಟ್ಟು, ಮೀನನ್ನು ಕೂಡಲೇ ನುಂಗಿಬಿಡುತ್ತದೆ. ಚಳಿಗಾಲದಲ್ಲಿ ನಂಜನಗೂಡು ಬಳಿಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳದ್ದು ಇನ್ನೂ ಬೆರಗಿನ ಕಥೆ. ಹಿಮಾಲಯವನ್ನು ದಾಟಿ ಬರುವ ಇವುಗಳ ರಕ್ತದ ಹಿಮೋಗ್ಲೋಬಿನ್, ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲದು.

ದುರ್ಬೀನು ಕೊಳ್ಳುವ ಪೋಷಕರಿಗೆ ಒಂದು ಮಾತು. ಅದರ ಮೇಲೆ 8 ಮತ್ತು 40 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ನಲವತ್ತನ್ನು ಎಂಟರಿಂದ ಭಾಗಿಸಿದರೆ ಐದು. ಕಣ್ಣಿಗೆ ತಲುಪುವ ಬೆಳಕಿನ ಕಿರಣಗುಚ್ಛ ಐದು ಮಿಲಿಮೀಟರ್ ಅಗಲ ಎಂದರ್ಥ. ಮುಂಜಾವಿನ ಮಬ್ಬಿಗೆ ಇದು ಚೆನ್ನ. ಇಪ್ಪತ್ತು ಪಟ್ಟು ದೊಡ್ಡದು ತೋರಿಸುತ್ತದೆಂದು ಮಾರುವ ಅಗ್ಗದ ದುರ್ಬೀನು ಕೈನಡುಕವನ್ನೂ ಇಪ್ಪತ್ತು ಪಟ್ಟು ತೋರಿಸುತ್ತದೆ! ದುರ್ಬೀನು ಇಲ್ಲದಿದ್ದರೂ ನಷ್ಟವಿಲ್ಲ. ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಬೇಕೇಬೇಕು. ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು. ಹೆಸರು ಗೊತ್ತಾಗದಿದ್ದರೆ ಗುಬ್ಬಚ್ಚಿಗಿಂತ ದೊಡ್ಡದೇ, ಗೊರವಂಕದಷ್ಟೇ, ಕಾಗೆಯಷ್ಟೇ ಎಂದಾದರೂ ಬರೆಯಬೇಕು. ಸಲೀಂ ಅಲಿ ತಮ್ಮ ಪುಸ್ತಕದಲ್ಲಿ ಗಾತ್ರ ಹೇಳುವುದೂ ಹೀಗೆಯೇ. ಕನ್ನಡದ ಹೆಸರು ತಿಳಿಯಲು ಮೈಸೂರಿನಲ್ಲೇ ಬೆಳೆದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳಿವೆ.

ಈ ನೋಟ್‌ಬುಕ್ಕಿಗೆ ಬೆಲೆಯೂ ಇದೆ. ಏಷ್ಯಾದ ಹಲವು ದೇಶಗಳಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಎಣಿಸುವವರಲ್ಲಿ ಬಹುಪಾಲು ಹವ್ಯಾಸಿಗಳು. ಮೈಸೂರಿನಲ್ಲೂ ಹವ್ಯಾಸಿ ನಿಸರ್ಗಪ್ರೇಮಿಗಳ ತಂಡ ದಶಕಗಳಿಂದ ಕೆರೆಕೆರೆ ಸುತ್ತಿ ಲೆಕ್ಕ ಇಟ್ಟಿದೆ. ಲೆಕ್ಕ ಏಕೆ ಬೇಕೆಂದರೆ ಕೆರೆಯ ಆರೋಗ್ಯ ಅದರಲ್ಲಿ ಗೊತ್ತಾಗುತ್ತದೆ. ಕುಕ್ಕರಹಳ್ಳಿ ಕೆರೆಗೂ ಕೊಳಚೆ ನೀರು ಹರಿದು ಬಂದ ವರ್ಷಗಳುಂಟು. ಕೊಳಚೆಯಲ್ಲಿ ಪೋಷಕಾಂಶ ಹೆಚ್ಚು, ಅದರಿಂದ ಪಾಚಿ ಹೆಚ್ಚು. ರಾತ್ರಿ ಪಾಚಿ ಆಮ್ಲಜನಕ ತಯಾರಿಸುವುದಿಲ್ಲ, ಬಳಸುತ್ತದೆ. ಬೆಳಗಿನ ಜಾವಕ್ಕೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಮೀನು ಹೋದರೆ ಹೆಜ್ಜಾರ್ಲೆಯೂ ಹೋಗುತ್ತದೆ. ಹಿಂದೆ ಎಷ್ಟಿದ್ದವು ಎಂದು ಬರೆದಿಟ್ಟವರಿಲ್ಲದಿದ್ದರೆ, ಈಗ ಕಡಿಮೆಯಾಗಿವೆ ಎಂದು ಹೇಳುವ ಹಕ್ಕಾದರೂ ಯಾರಿಗಿದೆ?

ಅಂದಹಾಗೆ, ಹಳದಿ ಕೊರಳಿನ ಗುಬ್ಬಚ್ಚಿಯನ್ನು ನೋಡಲು ಮುಂಬಯಿಗೆ ಹೋಗಬೇಕಾಗಿಲ್ಲ. ಮೈಸೂರು ಸೀಮೆಯ ಕುರುಚಲು ಕಾಡು, ಒಣ ಬಯಲುಗಳಲ್ಲೂ ಅದು ಇದೆ. ಗಾಳಿಕೋವಿ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಅಪರಾಧ. ದೂರದಿಂದ ಮಾಮೂಲಿ ಗುಬ್ಬಚ್ಚಿಯಂತೆಯೇ ಕಾಣುತ್ತದೆ. ಗಂಡಿನ ಭುಜದಲ್ಲಿ ಕಂದುಗೆಂಪು ಪಟ್ಟಿ, ಕೊರಳಲ್ಲಿ ಹಳದಿ ಮಚ್ಚೆ. ಹೆಣ್ಣಿನಲ್ಲಿ ಅದು ತೀರ ಮಸುಕು. ಅದು ತಲೆ ಎತ್ತುವವರೆಗೂ ಅಲುಗದೆ ಕಾಯಬೇಕು.