ಹಾಡೋದು ನಾವು, ರೆಕಾರ್ಡಿಂಗ್ ಯಾರದ್ದು?

ಅರಸೀಕೆರೆ: ನಮ್ಮ ಕಡೆ ಭಜನಾ ಮಂಡಳಿಯವರು ಒಂದು ಹಾಡು ರೆಕಾರ್ಡ್ ಮಾಡಿಸಬೇಕಂದ್ರೆ ಹಾಸನ, ಇಲ್ಲವೇ ಬೆಂಗಳೂರು ಅನ್ನೋದು ರೂಢಿ. ಅಲ್ಲಿ ಗಂಟೆ ಲೆಕ್ಕ. ಸಾಲು ತಪ್ಪಿದರೆ ಮತ್ತೆ ಹಾಡೋಕೂ ಸಂಕೋಚ. ಬೇಲೂರು, ಹಳೇಬೀಡು ಹಳ್ಳಿಗಳ ಸೋಬಾನೆ ಅಜ್ಜಿಯರನ್ನಂತೂ ಗಾಜಿನ ಕೋಣೆಯಲ್ಲಿ ಕೂರಿಸಿದರೆ ಪದವೇ ಮರೆತು ಹೋಗುತ್ತೆ. ಅವರಿಗೆ ಹಾಡು ಬರೋದು ಮನೆ ಜಗಲಿ ಮೇಲೆ, ಜೊತೆಯವರು ದನಿಗೂಡಿಸಿದಾಗ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಕರ್ತೃ ಅಂದರೆ ಹಾಡಿದವರಲ್ಲ, ಮುದ್ರಣದ ಹೊಣೆ ಹೊತ್ತ ನಿರ್ಮಾಪಕ. ಪ್ರಕಟವಾದ ಮೇಲೆ ಆ ಹಕ್ಕು 60 ವರ್ಷ ಇರುತ್ತೆ. ಹಾಡಿದವರಿಗೆ 50 ವರ್ಷದ ಪ್ರದರ್ಶಕರ ಹಕ್ಕು ಇದೆ, ಆದರೆ ಅದು ಬೇರೆ. ಸ್ಟುಡಿಯೋದಲ್ಲಿ ಮಾಡಿಸಿದಾಗ ಬರವಣಿಗೆ ಕರಾರು ಇಲ್ಲದಿದ್ದರೆ ನಿರ್ಮಾಪಕ ಯಾರೆಂಬ ತಕರಾರು ಬರಬಹುದು. ನಿಮ್ಮದೇ ಸಲಕರಣೆಯಲ್ಲಿ ನೀವೇ ಮುಂದಾಗಿ ಮುದ್ರಿಸಿಕೊಂಡರೆ ಆ ಗೊಂದಲವಿಲ್ಲ.

ಬೇಕಾದ್ದು ಮೈಕ್, ಅದರ ದನಿಯನ್ನು ಕಂಪ್ಯೂಟರ್‌ಗೆ ದಾಟಿಸೋ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್. ಅಡಾಸಿಟಿ ಸಾಫ್ಟ್‌ವೇರ್ ಉಚಿತ. ಮಂಡಳಿಯವರು ಚಂದಾ ಹಾಕಿ ಕೊಂಡರೆ ಒಬ್ಬರಿಗೇ ಭಾರವಾಗಲ್ಲ. ಫ್ಯಾನ್ ಆರಿಸಿ, ದಪ್ಪ ಕಂಬಳಿ ಕಟ್ಟಿ, ರಾತ್ರಿ ಹೊತ್ತು ಹಾಡಿ; ಸ್ಟೇಷನ್ ಪಕ್ಕದ ಮನೆಯಾದರೆ ರೈಲು ಹೋಗೋವರೆಗೂ ಕಾಯಬೇಕು. ಮೂಲ ವೇವ್ ಫೈಲನ್ನು ಎರಡು ಕಡೆ ಇಡಿ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನು ನಂಬ್ಕೋಬೇಡಿ.