ಗಗನಮಾರ್ಗದಲ್ಲಿ ಗಾತ್ರವೂ ಭಾರವೂ

ಸುಗ್ಗಿಯ ದಿನಗಳಲ್ಲಿ ಹುಲ್ಲು ಹೇರಿದ ಗಾಡಿಯು ಹಳ್ಳಿಯ ಬೀದಿಯನ್ನೆಲ್ಲ ತುಂಬಿಕೊಂಡು ಬರುವುದನ್ನು ನಾವು ಕಂಡಿದ್ದೇವೆ. ಅದನ್ನೆಳೆಯುವ ಎತ್ತುಗಳಿಗೆ ಆಯಾಸವೇನೂ ಹೆಚ್ಚಿಲ್ಲ. ಕಷ್ಟವೆಲ್ಲ ಓಣಿಯ ತಿರುವಿನಲ್ಲಿ, ಮರದ ಕೊಂಬೆಗಳ ಕೆಳಗೆ. ಅದೇ ಗಾಡಿಗೆ ಕಲ್ಲುಚಪ್ಪಡಿಗಳನ್ನು ಹೇರಿದರೆ ಹೊರೆಯು ಗಾಡಿಯ ಅಂಚನ್ನು ಮೀರುವುದಿಲ್ಲ. ಆದರೆ ಅಚ್ಚು ಕಿರುಗುಟ್ಟುತ್ತದೆ, ಚಕ್ರವು ಮಣ್ಣಿನಲ್ಲಿ ಹೂಳುತ್ತದೆ. ಗಾತ್ರದ ತೊಂದರೆ ಒಂದು, ಭಾರದ ತೊಂದರೆ ಇನ್ನೊಂದು. ವಿಮಾನದಲ್ಲಿ ಸರಕು ಸಾಗಿಸುವವರಿಗೂ ಇವೆರಡೂ ಬೇರೆ ಬೇರೆಯಾಗಿಯೇ ಎದುರಾಗುತ್ತವೆ. ಆದುದರಿಂದ ಒಂದಕ್ಕೊಂದು ಹೋಲದ ಎರಡು ಜಾತಿಯ ವಿಮಾನಗಳು ಹುಟ್ಟಿಕೊಂಡವು.

ಮೊದಲು ಗಾತ್ರದ ವಿಚಾರವನ್ನು ನೋಡೋಣ. ದಶಕವು ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಬೇಕೆಂಬ ಗುರಿಯನ್ನು ಅಮೆರಿಕದ ಅಧ್ಯಕ್ಷ ಕೆನೆಡಿಯವರು 1961ರಲ್ಲಿ ಮುಂದಿಟ್ಟ ಮೇಲೆ, ಅಲ್ಲಿನ ಎಂಜಿನಿಯರುಗಳಿಗೆ ಒಂದೊಂದು ವಾರವೂ ಅಮೂಲ್ಯವಾಯಿತು. ಸ್ಯಾಟರ್ನ್ ರಾಕೆಟ್ಟಿನ ಎಸ್-4 ಎಂಬ ಮೇಲಿನ ಹಂತವು ತಯಾರಾಗುತ್ತಿದ್ದುದು ಪಶ್ಚಿಮ ತೀರದ ಕ್ಯಾಲಿಫೋರ್ನಿಯದಲ್ಲಿ. ಹಾರಬೇಕಾಗಿದ್ದುದು ಪೂರ್ವ ತೀರದ ಫ್ಲಾರಿಡದಿಂದ. 5.5 ಮೀಟರ್ ವ್ಯಾಸದ ಆ ಉರುಳೆಯು ರೈಲಿನ ಸುರಂಗಗಳಲ್ಲಿ ತೂರುವಂತಿರಲಿಲ್ಲ, ರಸ್ತೆಯ ಸೇತುವೆಗಳ ಕೆಳಗೆ ನುಸುಳುವಂತಿರಲಿಲ್ಲ. ಹಡಗಿನಲ್ಲಿಟ್ಟು ಪನಾಮಾ ಕಾಲುವೆಯ ಮೂಲಕ ಸುತ್ತಿಬರಲು ಸುಮಾರು ಮೂರು ವಾರ ಬೇಕಾಗುತ್ತಿತ್ತು.

ಆದರೆ ಈ ವಸ್ತುವಿನ ತೂಕವೆಷ್ಟು? ಇಂಧನವನ್ನು ತುಂಬುವುದು ಉಡಾವಣೆಯ ಸ್ಥಳದಲ್ಲಿ. ಪ್ರಯಾಣದಲ್ಲಿ ಅದು ಬರಿದಾದ ಕೊಡ. ಸುಮಾರು 12 ಮೀಟರ್ ಉದ್ದದ ಆ ಹಂತದ ಘನಫಲವು 285 ಘನ ಮೀಟರಿನಷ್ಟಾದರೆ, ತೂಕವು ಸುಮಾರು 6 ಟನ್ ಮಾತ್ರ. ಎಂದರೆ ಒಂದು ಘನ ಮೀಟರಿಗೆ ಇಪ್ಪತ್ತು ಕಿಲೋಗ್ರಾಮಿನ ಆಸುಪಾಸು! ಅಷ್ಟೇ ಜಾಗದ ನೀರು ಸಾವಿರ ಕಿಲೋಗ್ರಾಂ ತೂಗುತ್ತದೆ. ಎತ್ತುವ ಶಕ್ತಿ ಆಗಿನ ವಿಮಾನಗಳಿಗೆ ಬೇಕಾದಷ್ಟಿತ್ತು. ಇಲ್ಲದಿದ್ದುದು ಒಳಗೆ ಹಿಡಿಸುವಷ್ಟು ಹೊಟ್ಟೆ.

ಜಾಕ್ ಕಾನ್ರಾಯ್ ಎಂಬ ವಿಮಾನಚಾಲಕನಿಗೆ ಹೊಳೆದದ್ದು ಇದೇ. ಜೆಟ್ ವಿಮಾನಗಳು ಬಂದುದರಿಂದ ಮೂಲೆಗೆ ಬಿದ್ದಿದ್ದ ಬೋಯಿಂಗ್ ಸ್ಟ್ರಾಟೊಕ್ರೂಸರ್ ಒಂದರ ಒಡಲನ್ನು ಕತ್ತರಿಸಿ, ಇನ್ನೊಂದರ ತುಂಡನ್ನು ನಡುವೆ ಸೇರಿಸಿ 5 ಮೀಟರಿನಷ್ಟು ಉದ್ದ ಮಾಡಿ, ಬೆನ್ನಿನ ಮೇಲೆ ದೊಡ್ಡ ಡುಬ್ಬವನ್ನು ಕಟ್ಟಿಸಿದನು. ಸರ್ಕಾರದ ಒಪ್ಪಂದವು ಕೈಯಲ್ಲಿರಲಿಲ್ಲ. ಯಂತ್ರವು ಹಾರದಿದ್ದರೆ, ಅಥವಾ ಹಾರಿಯೂ ಯಾರಿಗೂ ಬೇಡವಾದರೆ, ನಷ್ಟವೆಲ್ಲ ಅವನದೇ. 1962ರ ಸೆಪ್ಟೆಂಬರ್ 19ರಂದು ಅದು ಹಾರಿತು. ಮರಳಿನ ಮೂಟೆಗಳನ್ನು ಹೇರಿ ಹಾರಿಸಿ ತೋರಿಸಿದಾಗ, ರಾಕೆಟ್ ತಜ್ಞ ವಾನ್ ಬ್ರಾನ್ ಅವರು ತಾವೇ ಅದರಲ್ಲಿ ಕುಳಿತು ಪರೀಕ್ಷಿಸಿದರು. 1963ರ ಸೆಪ್ಟೆಂಬರಿನಲ್ಲಿ ಅದು ಎಸ್-4 ಹಂತವೊಂದನ್ನು ಫ್ಲಾರಿಡಕ್ಕೆ ಮುಟ್ಟಿಸಿತು. ಮೂರು ವಾರದ ಹಾದಿ ಒಂದು ದಿನದೊಳಗೆ ಮುಗಿಯಿತು. ಈ ವಿಚಿತ್ರಾಕಾರಕ್ಕೆ ಬಿದ್ದ ಹೆಸರು ‘ಪ್ರೆಗ್ನೆಂಟ್ ಗಪ್ಪಿ’. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮಲ್ಲಿ ಬಾವಿ ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನನ್ನು ಬಲ್ಲವರಿಗೆ ಗರ್ಭಿಣಿ ಗಪ್ಪಿಯ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಡುಬ್ಬವು ದೊಡ್ಡದಾದಂತೆ ಗಾಳಿಯ ತಡೆಯು ಹೆಚ್ಚುತ್ತದೆ, ವೇಗವು ಕುಗ್ಗುತ್ತದೆ. ಅದನ್ನು ಸಹಿಸಿಕೊಳ್ಳಬಹುದು. ಹೆಚ್ಚು ತೊಡಕಿನ ಪ್ರಶ್ನೆ ಬಾಗಿಲಿನದು: ಒಡಲಿನಷ್ಟೇ ಅಗಲವಾದ ವಸ್ತುವನ್ನು ಒಳಗೆ ತೂರಿಸುವುದೆಲ್ಲಿಂದ? ಮೊದಲ ಗಪ್ಪಿಯಲ್ಲಿ ರೆಕ್ಕೆಯ ಹಿಂದಿನ ಭಾಗವನ್ನೇ ಬೋಲ್ಟು ಬಿಚ್ಚಿ ಬೇರ್ಪಡಿಸುತ್ತಿದ್ದರು. 1965ರಲ್ಲಿ ಹಾರಿದ ಸೂಪರ್ ಗಪ್ಪಿಯಲ್ಲಿ ಚಾಲಕರ ಕೋಣೆಯೂ ಸೇರಿದಂತೆ ಮೂತಿಯು ಕೀಲಿನ ಮೇಲೆ ಪಕ್ಕಕ್ಕೆ ತಿರುಗುತ್ತಿತ್ತು. ಆದರೆ ಚಾಲಕನ ಕೈಯಿಂದ ರೆಕ್ಕೆ ಬಾಲಗಳಿಗೆ ಹೋಗುವ ಜೋಡಣೆಗಳನ್ನು ಪ್ರತಿಸಲವೂ ಬಿಚ್ಚಿ ಮತ್ತೆ ಕೂಡಿಸಬೇಕು. ಏರ್‌ಬಸ್ ಕಾರ್ಖಾನೆಗಳಿಗಾಗಿ 1994ರಲ್ಲಿ ಹಾರಿದ ಬೆಲೂಗಾದಲ್ಲಿ ಇದಕ್ಕೊಂದು ಸೊಗಸಾದ ಪರಿಹಾರ ದೊರಕಿತು. ಚಾಲಕರ ಕೋಣೆಯನ್ನು ಸರಕಿನ ನೆಲಕ್ಕಿಂತ ಕೆಳಗಿಳಿಸಿ, ಅದರ ಮೇಲೆ ಬಾಗಿಲನ್ನಿಟ್ಟರು. ಬಾಗಿಲು ಮೇಲಕ್ಕೆ ತೆರೆದುಕೊಂಡರೂ ಒಂದು ತಂತಿಯನ್ನೂ ಬಿಚ್ಚಬೇಕಾಗಿಲ್ಲ. ಇಷ್ಟು ಸರಳವಾದ ಉಪಾಯಕ್ಕೆ ಮೂವತ್ತು ವರ್ಷ ಹಿಡಿಯಿತೆಂಬುದು ನಮಗೆ ಸೋಜಿಗವಾಗಿಯೇ ತೋರುತ್ತದೆ.

ಇನ್ನು ಭಾರದ ವಿಚಾರ. 2009ರ ಆಗಸ್ಟಿನಲ್ಲಿ ಅರ್ಮೇನಿಯದ ವಿದ್ಯುದಾಗಾರಕ್ಕೆಂದು ಜರ್ಮನಿಯಿಂದ ಒಂದು ಜನರೇಟರನ್ನು ವಿಮಾನದಲ್ಲಿ ಸಾಗಿಸಲಾಯಿತು. ಚೌಕಟ್ಟು ಸಹಿತ ಅದರ ಉದ್ದ 16 ಮೀಟರ್, ಅಗಲ 4 ಮೀಟರಿಗೆ ತುಸು ಹೆಚ್ಚು. ತೂಕ ಮಾತ್ರ ಸುಮಾರು 190 ಟನ್. ಹೊತ್ತದ್ದು ಉಕ್ರೇನಿನಲ್ಲಿ ನಿರ್ಮಾಣವಾದ ಆಂಟೊನೊವ್ 225. ‘ಮ್ರಿಯಾ’ ಎಂಬ ಅದರ ಹೆಸರಿಗೆ ಕನಸು ಎಂದರ್ಥ. ಸೋವಿಯತ್ ವ್ಯೋಮನೌಕೆ ಬುರಾನನ್ನು ಬೆನ್ನ ಮೇಲೆ ಹೊರಲೆಂದು 1988ರಲ್ಲಿ ಹಾರಿದ ಈ ವಿಮಾನಕ್ಕೆ ಆರು ಎಂಜಿನುಗಳು, ಮೂವತ್ತೆರಡು ಚಕ್ರಗಳು. ಅಷ್ಟು ಚಕ್ರಗಳೇಕೆ? 640 ಟನ್ನಿನವರೆಗಿನ ಒಟ್ಟು ತೂಕವನ್ನು ಕೆಲವೇ ಚಕ್ರಗಳ ಮೇಲೆ ಹೇರಿದರೆ ಓಡುಹಾದಿಯೇ ಬಿರಿದೀತು. ಒಳಗೂ ಇದೇ ತತ್ತ್ವ. ಜನರೇಟರನ್ನು ನೇರವಾಗಿ ನೆಲದ ಮೇಲಿಟ್ಟರೆ ಅಲ್ಲಿನ ತೊಲೆಗಳು ಕುಸಿಯುವ ಭಯ. ಆದ್ದರಿಂದ ಭಾರವನ್ನು ಉದ್ದಕ್ಕೂ ಹಂಚುವ ಚೌಕಟ್ಟು ಬೇಕು. ಹೊರೆ ಹೆಚ್ಚಿದಷ್ಟೂ ಇಂಧನವನ್ನು ಕಡಿಮೆ ಮಾಡಬೇಕಾದ್ದರಿಂದ, 200 ಟನ್ ಹೊತ್ತಾಗ ಮ್ರಿಯಾ ನಿಲ್ಲದೆ ಹೋಗಬಲ್ಲ ದೂರ ಸುಮಾರು 4000 ಕಿಲೋಮೀಟರ್ ಮಾತ್ರ. ಹಾರಿದ್ದು ಅದೊಂದೇ ಪ್ರತಿ. 2022ರ ಯುದ್ಧದ ಆರಂಭದಲ್ಲಿ ಹೊಸ್ತೊಮೆಲ್ ನಿಲ್ದಾಣದಲ್ಲಿ ನಾಶವಾಯಿತು.

ಭಾರವಾದ ಸರಕಿನ ಅತ್ಯಂತ ಅಪಾಯಕರ ಗುಣವೆಂದರೆ ಅದರ ಜಡತ್ವ. ವಿಮಾನವು ವೇಗ ಹೆಚ್ಚಿಸಿಕೊಂಡು ಮೂತಿಯೆತ್ತಿದಾಗ ಹೊರೆಯು ಹಿಂದಕ್ಕೆ ಜಾರಲು ಹವಣಿಸುತ್ತದೆ. 2013ರ ಏಪ್ರಿಲ್ 29ರಂದು ಆಫ್ಘಾನಿಸ್ತಾನದ ಬಗ್ರಾಮಿನಿಂದ ಐದು ಕವಚವಾಹನಗಳನ್ನು ಹೊತ್ತು ಮೇಲೇರಿದ ಬೋಯಿಂಗ್ 747 ವಿಮಾನವು ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿ ಏಳು ಮಂದಿ ಸಿಬ್ಬಂದಿಯೂ ಮಡಿದರು. ಬಿಗಿದ ಪಟ್ಟಿಗಳು ಸಾಲದೆ, ಒಂದು ವಾಹನವಾದರೂ ಹಿಂದಕ್ಕೆ ಸರಿದಿತ್ತು. ಗುರುತ್ವಕೇಂದ್ರ ಪಲ್ಲಟವಾದುದೇ ಕಾರಣವೆಂದು ಯಾರಿಗಾದರೂ ತೋರುತ್ತದೆ. ವಿಚಾರಣೆಯಲ್ಲಿ ಕಂಡುಬಂದದ್ದು ಬೇರೆ: ಸರಿದ ವಾಹನವು ಹಿಂಗೋಡೆಯನ್ನು ಭೇದಿಸಿ, ಬಾಲದ ರೆಕ್ಕೆಯನ್ನು ನಡೆಸುವ ಯಂತ್ರಭಾಗವನ್ನೇ ಮುರಿದಿತ್ತು. ವಿಮಾನವನ್ನು ಹತೋಟಿಗೆ ತರುವ ಸಾಧನವೇ ಚಾಲಕರ ಕೈತಪ್ಪಿತ್ತು. ಹೊರೆಯನ್ನು ಬಿಗಿಯುವ ಲೆಕ್ಕವು ಗುಮಾಸ್ತೆಯ ಕೆಲಸವಲ್ಲ, ಎಂಜಿನಿಯರನ ಕೆಲಸ.

ಇಂತಹ ಪ್ರಯಾಣಗಳಿಗೆ ಬೆಂಗಳೂರೂ ಹೊರತಲ್ಲ. ಭಾರತ ಅಮೆರಿಕಗಳ ಸಹಯೋಗದ ನೈಸಾರ್ ಉಪಗ್ರಹದ ರೇಡಾರ್ ಭಾಗವು 2023ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದಿಂದ ಸಿ-17 ವಿಮಾನದಲ್ಲಿ ಇಲ್ಲಿಗೆ ಬಂದಿಳಿಯಿತು. ಅದರ ಆಂಟೆನಾದ ಪ್ರತಿಫಲಕದ ವ್ಯಾಸ 12 ಮೀಟರ್. ಅದು ಬಿಚ್ಚಿದ ರೂಪದಲ್ಲಿ ಸೂಪರ್ ಗಪ್ಪಿಯ ಹೊಟ್ಟೆಗೂ ಹಿಡಿಸದು. ಇಲ್ಲಿ ಎಂಜಿನಿಯರುಗಳು ವಿಮಾನವನ್ನು ಹಿಗ್ಗಿಸಲು ಹೋಗದೆ, ವಸ್ತುವನ್ನೇ ಕುಗ್ಗಿಸಿದರು. ಸುಮಾರು 64 ಕಿಲೋಗ್ರಾಂ ತೂಗುವ ಆ ಜಾಲರಿಯು ಮಡಿಸಿದ ಕೊಡೆಯಂತೆ 2024ರ ಅಕ್ಟೋಬರಿನಲ್ಲಿ ಸಾಧಾರಣ ಗಾತ್ರದ ಸಿ-130 ವಿಮಾನದಲ್ಲಿ ಬೆಂಗಳೂರನ್ನು ಸೇರಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಉಪಗ್ರಹವು ಆಗಸ್ಟ್ ತಿಂಗಳಿನಲ್ಲಿ ಅದನ್ನು ಬಾಹ್ಯಾಕಾಶದಲ್ಲಿ ಬಿಡಿಸಿಕೊಂಡಿತು.